ಗ್ರಂಥದ ಕಟ್ಟಿನೊಳಗಿನ ಕಾಗದಗಳು: ಹತ್ತೊಂಬತ್ತನೆಯ ಶತಮಾನದ ಖಾಸಗಿ ಪತ್ರಗಳ ರಕ್ಷಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜೈನ ಪರಂಪರೆ ಎಂದೊಡನೆ ವಿದ್ವಾಂಸರಿಗೆ ನೆನಪಾಗುವುವು ಶಾಸನಗಳು ಮತ್ತು ಬಸದಿಗಳು. ನಿಡುಗಲ್ಲು ಬೆಟ್ಟದ ಮೇಲೆ ಗಂಗೇಯನ ಮಾರೆಯನು ಪಾರ್ಶ್ವಜಿನ ಬಸದಿಯನ್ನು ಮಾಡಿಸಿದನೆಂದು 1232ರ ಶಾಸನವು ತಿಳಿಸುತ್ತದೆ. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯುಂಟು. ಆದರೆ ಹತ್ತೊಂಬತ್ತನೆಯ ಶತಮಾನದ ಶ್ರಾವಕರು ಯಾವ ಗ್ರಂಥವನ್ನು ಯಾರಿಂದ ತರಿಸಿ ಓದಿದರು, ಯಾರಿಂದ ಪ್ರತಿಮಾಡಿಸಿದರು ಎಂಬುದನ್ನು ಕಲ್ಲು ಹೇಳದು. ಅದನ್ನು ಹೇಳಬಲ್ಲವು ಮನೆಯ ಕಾಗದಗಳು.

ಇಂಥ ಪತ್ರಗಳು ಭಂಡಾರಕ್ಕೆ ತಾವಾಗಿ ಬರುವುದು ವಿರಳ. ಓಲೆಕಟ್ಟಿನ ಹಲಗೆಯ ಸಂದಿನಲ್ಲಿ, ಲೆಕ್ಕದ ಕಡತದ ಮಡಿಕೆಯಲ್ಲಿ ಅಡಗಿ ಬರುತ್ತವೆ. ಸೂಚಿಕಾರನು ಗ್ರಂಥಕ್ಕೆ ಸಂಖ್ಯೆ ಕೊಟ್ಟು ಕಾಗದವನ್ನು ಬೇರೆಡೆಗೆ ಸರಿಸಿದರೆ ಅದರ ಅರ್ಧ ಬೆಲೆ ಅಲ್ಲಿಯೇ ಹೋಯಿತು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ನೆರವಾದ ಮೆಕೆಂಜಿಯ ಸಂಗ್ರಹವೇ ಇದಕ್ಕೆ ನಿದರ್ಶನ. 1821ರಲ್ಲಿ ಮೆಕೆಂಜಿ ತೀರಿಕೊಂಡ ಮೇಲೆ ಅದು ಲಂಡನ್, ಕಲ್ಕತ್ತ, ಮದರಾಸುಗಳಿಗೆ ಹಂಚಿಹೋಯಿತು. ಮೂಲ ಪ್ರತಿಯನ್ನೂ ಅದನ್ನು ಸಂಗ್ರಹಿಸಿದವರ ಪತ್ರ-ವರದಿಗಳನ್ನೂ ಸಂಶೋಧಕರು ಇಂದಿಗೂ ಹೊಂದಿಸಿ ನೋಡಬೇಕಾಗಿದೆ. ಆದುದರಿಂದ ಗ್ರಂಥದ ಸಂಖ್ಯೆ 45 ಆದರೆ, ಅದರೊಳಗಿನ ಪತ್ರವು 45/1 ಆಗಬೇಕು. ಯಾವ ಗರಿಗಳ ನಡುವೆ ದೊರಕಿತೆಂಬುದನ್ನೂ ಬರೆಯಬೇಕು.

ಕಾಲನಿರ್ಣಯವು ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಉಭಯಕುಶಲೋಪರಿಯ ಪತ್ರಗಳಲ್ಲಿ ಎಷ್ಟೋ ವೇಳೆ ಸಂವತ್ಸರ, ಮಾಸ, ತಿಥಿಗಳಷ್ಟೇ ಇದ್ದು ಶಕವರ್ಷವಿರುವುದಿಲ್ಲ. ಧಾತು ಸಂವತ್ಸರವೆಂದರೆ 1816-17 ಆಗಬಹುದು, 1876-77 ಆಗಬಹುದು. ಎರಡನೆಯದು ಈ ಬಯಲುಸೀಮೆಯನ್ನು ಹಿಂಡಿದ ಮಹಾಕ್ಷಾಮದ ವರ್ಷ. ಪತ್ರದಲ್ಲಿ ಮಳೆ ಹೋದ ಮಾತೂ ಧಾನ್ಯದ ಧಾರಣೆಯೂ ಇದ್ದರೆ ಮನಸ್ಸು 1876ರ ಕಡೆಗೆ ವಾಲುತ್ತದೆ. ಆದರೂ ಅಷ್ಟರಿಂದಲೇ ನಿರ್ಣಯಿಸುವುದು ಸಾಹಸವೇ ಸರಿ. ಇಲ್ಲಿ ಅಂಚೆಯ ಮುದ್ರೆ ನೆರವಿಗೆ ಬರುತ್ತದೆ. ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಕಾಲಾಣೆಯ ಕಾರ್ಡು ಬಂದದ್ದು 1879ರಲ್ಲಿ. ಹಾಗಾಗಿ ಲಕೋಟೆಯನ್ನು ಎಸೆಯುವುದೆಂದರೆ ತೇದಿಯನ್ನೇ ಎಸೆದಂತೆ.

ರಕ್ಷಣೆಯ ಕ್ರಮವೂ ಓಲೆಯದಲ್ಲ. ಓಲೆಗೆ ಸವರುವ ಸಿಟ್ರೊನೆಲ್ಲ ಎಣ್ಣೆ ಕಾಗದಕ್ಕೆ ಸೋಕಕೂಡದು, ಕಲೆ ನಿಲ್ಲುತ್ತದೆ. ಕಾಡಿಗೆಯ ಮಸಿ ಬೆಳಕಿಗೆ ಮಾಸದು, ನೀರಿಗೆ ಕದಡುತ್ತದೆ. ಕಬ್ಬಿಣ ಸೇರಿದ ಮಸಿ ಕಾಗದವನ್ನೇ ತಿನ್ನುತ್ತದೆ. ಕಡತದ ಬಳಪದ ಬರಹವನ್ನಂತೂ ಬಟ್ಟೆಯಿಂದ ಒರೆಸಲೇಬಾರದು. ಹರಿದಲ್ಲಿ ಅಂಟುಪಟ್ಟಿ ಹಚ್ಚುವುದಕ್ಕಿಂತ ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಹಾಗೆಯೇ ಇಡುವುದು ಲೇಸು.

ಪಾವಗಡದ ಸುತ್ತ ತೆಲುಗು ಬಳಕೆಯುಂಟು. ವರ್ತಕರ ಕಾಗದಗಳಲ್ಲಿ ಮೋಡಿ ಲಿಪಿಯೂ ಬರಬಹುದು. ಓದಲಾಗದ ಪತ್ರವನ್ನು ‘ಇತರ’ ಎಂದು ಬದಿಗಿಡದೆ ಲಿಪಿಯನ್ನಾದರೂ ಸೂಚಿಯಲ್ಲಿ ನಮೂದಿಸಬೇಕು. ಸಾಲ, ಪಾಲು, ಮದುವೆಯ ಜಗಳಗಳಿರುವ ಪತ್ರಗಳನ್ನು ಅಚ್ಚುಹಾಕುವ ಮುನ್ನ ಮನೆತನದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು.