ಜಪಾನಿನ ಕಾಡುಮನೆಯಲ್ಲಿ ಎರಡು ರಾತ್ರಿ

ಪ್ರವಾಸವೆಂದರೆ ನಮ್ಮ ಸಮಾಜದ ಹಿರಿಯರಿಗೆ ತೀರ್ಥಯಾತ್ರೆಯೇ. ಕುಂಥಲಗಿರಿ, ಶ್ರವಣಬೆಳಗೊಳ, ಒಮ್ಮೆ ಸಮ್ಮೇದಶಿಖರ್ಜಿ, ಇಷ್ಟಾದರೆ ತೃಪ್ತಿ. ಇಳಿದುಕೊಳ್ಳುವುದು ಧರ್ಮಶಾಲೆಯಲ್ಲಿ. ವಸತಿಗೃಹವೊಂದನ್ನು ನೋಡುವುದಕ್ಕೆಂದೇ ಊರು ಬಿಟ್ಟು ಹೋಗುವ ರೂಢಿ ನಮ್ಮಲ್ಲಿಲ್ಲ. ಆದರೆ ಟೋಕಿಯೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹಿರಿಯ ಮಗನ ಒತ್ತಾಯದಿಂದ ಕಳೆದ ವರ್ಷ ಮೇ ತಿಂಗಳಲ್ಲಿ ನಾವು ದಂಪತಿಗಳು ಅಂಥ ಒಂದು ಪ್ರವಾಸ ಮಾಡಿದೆವು. ಉಮರಗಾದಲ್ಲಿ ಕಬ್ಬಿಣ, ಸಿಮೆಂಟು ಮಾರಿ ಬದುಕಿದ ನಮಗೆ ಅಲ್ಲಿ ಕಂಡದ್ದು ಬರೀ ಚೆಂದದ ನೋಟವಾಗಿರಲಿಲ್ಲ. ನಮ್ಮ ಗಡಿನಾಡಿನ ಪ್ರತಿ ಮನೆತನಕ್ಕೂ ಸಂಬಂಧಿಸಿದ ಒಂದು ಮಾತು ಅದರಲ್ಲಿತ್ತು. ಆದುದರಿಂದಲೇ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಬೆಟ್ಟದ ಊರು

ಊರಿನ ಹೆಸರು ಕರುಯಿಜಾವಾ. ನಾಗಾನೊ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಸಮಯ. ಈ ರೈಲು ಮಾರ್ಗ 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ಗಾಗಿ 1997ರಲ್ಲಿ ತೆರೆಯಿತು. ಊರಿನ ನೆತ್ತಿಯ ಮೇಲೆ 2,568 ಮೀಟರ್ ಎತ್ತರದ ಅಸಾಮಾ ಪರ್ವತ. ಅದು ಜೀವಂತ ಜ್ವಾಲಾಮುಖಿ. 1783ರಲ್ಲಿ ಅದು ಸಿಡಿದಾಗ ತಪ್ಪಲಿನ ಹಳ್ಳಿಗಳು ಹಾಳಾಗಿದ್ದವು. ಅಂಥ ಬೆಟ್ಟದ ಬುಡದಲ್ಲಿ ಜನ ನೆಮ್ಮದಿಯಿಂದ ಮನೆ ಕಟ್ಟಿಕೊಂಡಿದ್ದಾರಲ್ಲ ಎಂಬುದೇ ನಮ್ಮ ಮೊದಲ ಆಶ್ಚರ್ಯ.

ನಮಗೆ ಮಹಾಬಳೇಶ್ವರ ಹೇಗೋ, ಟೋಕಿಯೋದವರಿಗೆ ಕರುಯಿಜಾವಾ ಹಾಗೆ. 1880ರ ದಶಕದಲ್ಲಿ ಅಲೆಕ್ಸಾಂಡರ್ ಶಾ ಎಂಬ ಪಾದ್ರಿ ಇಲ್ಲಿ ಬೇಸಿಗೆ ಕಳೆಯಲು ಬಂದ ಮೇಲೆ ಊರು ಬೆಳೆಯಿತು. ಎತ್ತ ನೋಡಿದರೂ ಲಾರ್ಚ್ ಮರಗಳು. ಸೂಜಿಯಂಥ ಎಲೆ, ಆದರೆ ಚಳಿಗಾಲಕ್ಕೆ ಉದುರುತ್ತದೆ. ನಾವು ಹೋದಾಗ ಆಗತಾನೆ ಚಿಗುರಿತ್ತು.

ಈ ಊರಿಗೂ ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನಕ್ಕೂ ಒಂದು ನಂಟು ಇದೆ. ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿ 1933ರಲ್ಲಿ ಇಲ್ಲಿ ತನಗಾಗಿ ಒಂದು ಬೇಸಿಗೆ ಮನೆ ಕಟ್ಟಿಕೊಂಡಿದ್ದ. ಮುಂದೆ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ 'ಗೋಲ್ಕೊಂಡೆ' ಎಂಬ ವಸತಿಗೃಹವನ್ನು ರೂಪಿಸಿದವನೂ ಅವನೇ. ನಿಜಾಮರ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರು ಅದಕ್ಕೆ ಹಣ ಒದಗಿಸಿದ್ದರಿಂದ ಗೋಲ್ಕೊಂಡದ ಹೆಸರು ಬಂತು. ಉಮರಗಾ, ನಿಲಂಗಾ, ಉದಗೀರ ಎಲ್ಲವೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ನಮ್ಮ ಅಜ್ಜಂದಿರು ಕಟ್ಟಿದ ಕಂದಾಯವೂ ಅದೇ ಖಜಾನೆಗೆ ಹೋಗಿತ್ತೆಂದು ನೆನೆದಾಗ ಪರದೇಶ ಸ್ವಲ್ಪ ಹತ್ತಿರವಾಯಿತು.

ಮರಗಳಿಗೆ ದಾರಿ ಬಿಟ್ಟ ಮನೆ

ನಾವು ಇಳಿದುಕೊಂಡದ್ದು 'ಶಿಶಿ-ಇವಾ ಹೌಸ್' ಎಂಬಲ್ಲಿ. 2019ರಲ್ಲಿ ತೆರೆದದ್ದು. ಇದನ್ನು ರೂಪಿಸಿದವರು ಶಿಗೇರು ಬಾನ್. 1957ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಇವರಿಗೆ 2014ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಿದೆ. ವಾಸ್ತುಶಿಲ್ಪಿಗಳಿಗೆ ಅದು ನೊಬೆಲ್ ಇದ್ದಂತೆ ಎಂದು ಮಗ ತಿಳಿಸಿದ.

ದೊಡ್ಡ ಹೋಟೆಲೆಂದರೆ ಕಮಾನು, ಕಾರಂಜಿ, ಸಲಾಮು ಹೊಡೆಯುವ ಪೇಟದವರು ಎಂದು ನಾವು ತಿಳಿದಿದ್ದೆವು. ಇಲ್ಲಿ ಒಂದೂ ಇಲ್ಲ. ಎರಡೇ ಅಂತಸ್ತು, ಹತ್ತೇ ಕೋಣೆ. ಕಟ್ಟಡ ನೇರವಾಗಿಲ್ಲ, ಹಾವಿನಂತೆ ಬಳುಕಿದೆ. ಕಾರಣವಿಷ್ಟೇ: ಜಾಗದಲ್ಲಿದ್ದ ಮರಗಳನ್ನು ಆದಷ್ಟು ಉಳಿಸಬೇಕೆಂದು ಮನೆಯೇ ಮರಗಳಿಗೆ ದಾರಿ ಬಿಟ್ಟು ತಿರುಗಿದೆ. ಮೇಲ್ಛಾವಣಿಯೂ ಅಲೆಯಂತೆ ಏರಿಳಿಯುತ್ತದೆ. ನಮ್ಮಲ್ಲಿ ಪ್ಲಾಟ್ ಹಿಡಿದರೆ ಮೊದಲ ಕೆಲಸ ಬೇವಿನ ಮರಕ್ಕೆ ಕೊಡಲಿ ಹಾಕುವುದು. ಆಮೇಲೆ ನೆರಳಿಲ್ಲವೆಂದು ಏ.ಸಿ. ತರುವುದು.

ಗೋಡೆ, ಛಾವಣಿ ಎಲ್ಲ ಕಟ್ಟಿಗೆಯದು. ಚೌಕಟ್ಟುಗಳನ್ನು ಬೇರೆಡೆ ತಯಾರಿಸಿ ತಂದು ಜೋಡಿಸಿದ್ದಾರೆ. ನಮ್ಮ ವ್ಯಾಪಾರದ ಕೈ ಸುಮ್ಮನಿರಲಿಲ್ಲ. ಗೋಡೆ ತಟ್ಟಿ ನೋಡಿದೆವು, ಕೀಲು ಸೇರಿದಲ್ಲಿ ಬೆರಳಾಡಿಸಿದೆವು. ಬಣ್ಣ ಬಳಿದು ಮುಚ್ಚಿಲ್ಲ, ಕಟ್ಟಿಗೆ ಕಟ್ಟಿಗೆಯಾಗಿಯೇ ಕಾಣುತ್ತದೆ. ಕೋಣೆಗಳು ಚಿಕ್ಕವು, ಎಲ್ಲರೂ ಕೂಡುವ ಪಡಸಾಲೆ ದೊಡ್ಡದು. ಪುಸ್ತಕದ ಕಪಾಟು, ಬೆಂಕಿಗೂಡು, ಆಚೆ ಕಾಡು. ನಮ್ಮ ಹಳೆಯ ಮನೆಗಳಲ್ಲೂ ಮಲಗುವ ಕೋಣೆ ಕತ್ತಲೆಯ ಗೂಡು, ಬಾಳುವೆಯೆಲ್ಲ ಪಡಸಾಲೆಯಲ್ಲಿ ಅಲ್ಲವೇ? "ಇದು ನಮ್ಮ ಕಡೀ ಮನೀ ಹಾಂಗೇ ಅದ, ಮಣ್ಣಿಲ್ಲ ಅಷ್ಟ" ಎಂದರು ನಮ್ಮ ಮನೆಯವರು. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗುವ ಜಪಾನೀ ಪದ್ಧತಿಯನ್ನು ಕಂಡು ಅವರಿಗೆ ಇನ್ನೂ ಸಮಾಧಾನವಾಯಿತು.

ಬಾಡಿಗೆ ಎಷ್ಟೆಂದು ಮಗ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ನಿದ್ದೆ ಬರುತ್ತಿರಲಿಲ್ಲವೇನೋ.

ಊಟದ ಮಾತು

ಜಪಾನಿಗೆ ಹೋಗುವ ನಮ್ಮವರು ಇದನ್ನು ಗಮನದಲ್ಲಿಡಬೇಕು. ಅಲ್ಲಿ ಸಸ್ಯಾಹಾರವೆಂದು ಕೊಟ್ಟ ಸಾರಿನಲ್ಲೂ 'ದಾಶಿ' ಎಂಬ ತಿಳಿಸಾರು ಇರುತ್ತದೆ. ಅದನ್ನು ಸಾಮಾನ್ಯವಾಗಿ ಒಣಮೀನಿನ ತುಣುಕಿನಿಂದ ಕುದಿಸುತ್ತಾರೆ. ಕಣ್ಣಿಗೆ ಮೀನು ಕಾಣದು. ಆದುದರಿಂದ "ಮಾಂಸ ಬೇಡ" ಎಂದರೆ ಸಾಲದು, "ಮೀನಿನ ದಾಶಿಯೂ ಬೇಡ" ಎಂದು ಬಿಡಿಸಿ ಹೇಳಬೇಕು. ಬೌದ್ಧ ಮಠಗಳಲ್ಲಿ 'ಶೋಜಿನ್ ರ್‍ಯೋರಿ' ಎಂಬ ಅಡುಗೆ ಇದೆ. ಅದರಲ್ಲಿ ಮಾಂಸ ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆದರೆ ಗಡ್ಡೆಗೆಣಸು ಬಳಸುತ್ತಾರೆ, ಅದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಸೊಸೆ ಹದಿನೈದು ದಿನ ಮೊದಲೇ ಎಲ್ಲವನ್ನೂ ಜಪಾನೀ ಭಾಷೆಯಲ್ಲಿ ಬರೆದು ಕಳಿಸಿದ್ದಳು. ಸೂರ್ಯ ಮುಳುಗುವ ಮೊದಲು ಅನ್ನ, ತೋಫು, ಸೊಪ್ಪು ಬಂತು. ಜೊತೆಗೆ ನಮ್ಮ ಚಟ್ನಿಪುಡಿ, ಕಡಕ್ ರೊಟ್ಟಿ ಇದ್ದೇ ಇದ್ದವು.

ಕಾಗದದ ಮನೆ ಕಟ್ಟಿದವರು

ಎರಡನೆಯ ಸಂಜೆ ಪಡಸಾಲೆಯಲ್ಲಿ ಕುಳಿತಾಗ ಮಗ ಈ ಶಿಗೇರು ಬಾನ್ ಅವರ ಇನ್ನೊಂದು ಕಥೆ ಹೇಳಿದ. ಶ್ರೀಮಂತರಿಗೆ ಕಾಡುಮನೆ ಕಟ್ಟಿದ ಈ ಮನುಷ್ಯ ಮನೆ ಕಳೆದುಕೊಂಡವರಿಗೆ ಕಾಗದದ ಮನೆಯನ್ನೂ ಕಟ್ಟಿದ್ದಾರೆ!

1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಬಾನ್ ಅವರು ಗಟ್ಟಿ ಕಾಗದದ ಕೊಳವೆಗಳನ್ನು ಒತ್ತಾಗಿ ನಿಲ್ಲಿಸಿ ನಾಲ್ಕು ಮೀಟರ್ ಚೌಕದ ಗುಡಿಸಲುಗಳನ್ನು ಕಟ್ಟಿಸಿದರು. ಬಟ್ಟೆ ವ್ಯಾಪಾರಿಗಳಿಗೆ ಥಾನು ಸುತ್ತುವ ಕೊಳವೆ ಗೊತ್ತಲ್ಲ, ಅದೇ ಜಾತಿಯದು. ತಳಪಾಯಕ್ಕೆ ಮರಳಿನ ಚೀಲ ತುಂಬಿದ ಬಾಟಲಿ ಕ್ರೇಟುಗಳು. 2001ರ ಜನವರಿ 26ರಂದು ನಮ್ಮ ಗುಜರಾತಿನ ಭುಜ್ ನೆಲಕ್ಕುರುಳಿದಾಗ ಅಲ್ಲಿಗೂ ಬಂದರು. ಅಲ್ಲಿ ಕ್ರೇಟು ಸಿಗಲಿಲ್ಲ. ಬಿದ್ದ ಮನೆಗಳ ಕಲ್ಲುಮಣ್ಣನ್ನೇ ತಳಪಾಯ ಮಾಡಿ, ಮೇಲೆ ಮಣ್ಣಿನ ನೆಲ ಮಾಡಿ, ಬಿದಿರು, ಚಾಪೆ, ಪ್ಲಾಸ್ಟಿಕ್ ಹಾಳೆಯ ಮಾಡು ಹಾಕಿಸಿದರು.

ಕೋಬೆಯಲ್ಲಿ ಹೆಚ್ಚು ಜನ ಸತ್ತದ್ದು ಹೇಗೆಂದು ಕೇಳಿದೆವು. ಹಳೆಯ ಕಟ್ಟಿಗೆ ಮನೆಗಳ ಮೇಲೆ ಭಾರವಾದ ಹೆಂಚಿನ ಮಾಡು ಇತ್ತು, ಅದು ಕುಸಿದು ಮಲಗಿದ್ದವರ ಮೇಲೆ ಬಿತ್ತು ಎಂದ ಮಗ. ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

1993ರ ಆ ಬೆಳಗಿನ ಜಾವ

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಈಗಿನ ಮಕ್ಕಳಿಗೆ ಇದು ಪಾಠದ ತಾರೀಖು, ನಮಗೆ ಹಾಗಲ್ಲ. ಅನಂತ ಚತುರ್ದಶಿ ಮುಗಿದಿತ್ತು, ಗಣಪತಿ ಕಳಿಸಿ ಬಂದ ಜನ ತಡವಾಗಿ ಮಲಗಿದ್ದರು. ಕಿಲ್ಲಾರಿಯ ನೆಲ ನಡುಗಿತು. ಔಸಾ, ಉಮರಗಾ, ನಿಲಂಗಾ ತಾಲೂಕುಗಳ ಹಳ್ಳಿಗಳು ನಿಮಿಷದೊಳಗೆ ಕಲ್ಲಿನ ಗುಡ್ಡೆಗಳಾದವು. ಸತ್ತವರು ಏಳೂವರೆ ಸಾವಿರಕ್ಕೂ ಮೀರಿ. 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ನಾವು ಅಂಗಡಿಯ ಗೆಳೆಯರೊಡನೆ ಸಾಸ್ತೂರಿಗೆ ರೊಟ್ಟಿಯ ಗಂಟು ಒಯ್ದದ್ದು, ಒಂದು ಮನೆಯ ಮುಂದೆ ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತದ್ದು ಇಂದಿಗೂ ಕಣ್ಣ ಮುಂದಿದೆ. ಆಮೇಲೆ ಆರು ತಿಂಗಳು ನಮ್ಮ ಮನೆಮಂದಿಯೆಲ್ಲ ಪತ್ರಾ ಶೆಡ್ಡಿನಲ್ಲೇ ಮಲಗಿದೆವು.

ಭೂಕಂಪದ ಅಳತೆ 6.2ರಷ್ಟು. ಜಪಾನಿನವರು ಅದಕ್ಕಿಂತ ದೊಡ್ಡದನ್ನು ಎಷ್ಟೋ ಕಂಡಿದ್ದಾರೆ. ನಮ್ಮನ್ನು ಕೊಂದದ್ದು ನಮ್ಮ ಮನೆಗಳ ಭಾರ. ಗಡಿನಾಡಿನ ಮೇಲ್ಮುದ್ದೆ ಮನೆ ಎಲ್ಲರಿಗೂ ಗೊತ್ತು. ಎರಡು ಅಡಿಗೂ ಮೀರಿದ ಕಲ್ಲಿನ ಗೋಡೆ. ಒಳಮುಖಕ್ಕೆ ಒಂದು ಸಾಲು ಕಲ್ಲು, ಹೊರಮುಖಕ್ಕೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಕಟ್ಟುಗಲ್ಲು ಇಲ್ಲ. ಮೇಲೆ ಹಲಗೆ, ಅದರ ಮೇಲೆ ಒಂದೊಂದೂವರೆ ಅಡಿ ಮಣ್ಣು. ಸೋರುತ್ತದೆಂದು ಮಳೆಗಾಲದ ಮೊದಲು ಮತ್ತೆ ಮಣ್ಣು. ಬೇಸಿಗೆಗೆ ತಂಪು ನಿಜ, ಆದರೆ ನೆಲ ನಡುಗಿದರೆ ಗೋಡೆಯ ಎರಡು ಮುಖ ಸೀಳಿ ಉದುರುತ್ತವೆ, ಮಣ್ಣಿನ ರಾಶಿ ಇಳಿಯುತ್ತದೆ.

ಒಂದು ಸಂಗತಿಯನ್ನು ಆಗ ಬಂದ ತಜ್ಞರು ಗುರುತಿಸಿದ್ದರು. ಒಳಗೆ ಕಟ್ಟಿಗೆಯ ಕಂಬ, ತೊಲೆ ಸರಿಯಾಗಿದ್ದ ಎಷ್ಟೋ ಅಂಕಣದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತಿತ್ತು, ಒಳಗಿನವರು ಉಳಿದಿದ್ದರು. ಕಟ್ಟಿಗೆ ಬಾಗುತ್ತದೆ, ಕಲ್ಲುಮಣ್ಣು ಬಾಗುವುದಿಲ್ಲ. ಜಪಾನಿನ ಹೋರ್‍ಯೂಜಿ ಎಂಬಲ್ಲಿ ಐದು ಅಂತಸ್ತಿನ ಕಟ್ಟಿಗೆಯ ಗೋಪುರ ಸಾವಿರದ ಮುನ್ನೂರು ವರ್ಷದಿಂದ ಭೂಕಂಪಗಳನ್ನು ತಾಳಿ ನಿಂತಿದೆ.

ಇನ್ನೊಂದು ಮಾತು. 1993ರವರೆಗೆ ಸರ್ಕಾರದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿಯ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ತಿದ್ದಿ ಮೂರನೆಯ ವಲಯಕ್ಕೆ ಸೇರಿಸಿದರು. ನಕ್ಷೆ ಬದಲಾಯಿತು, ಕಟ್ಟುವ ಕೈಗಳ ರೂಢಿ ಎಷ್ಟು ಬದಲಾಗಿದೆ ಎಂಬುದು ಪ್ರಶ್ನೆ.

ನಮ್ಮ ಹಿರಿಯರ ಮನೆ

ನಿಲಂಗಾ ತಾಲೂಕಿನ ಹಳ್ಳಿಯಲ್ಲಿ ನಮ್ಮ ಹಿರಿಯರ ಐದಂಕಣದ ಮನೆ ಇದೆ. 1993ರಲ್ಲಿ ಹಿತ್ತಿಲ ಗೋಡೆ ಬಿತ್ತು, ಸಾಗವಾನಿಯ ಕಂಬಗಳು ಉಳಿದವು. ಈಗ ಅಲ್ಲಿ ತಮ್ಮನ ಸಂಸಾರವಿದೆ. ಎರಡು ವರ್ಷದಿಂದ ಅಣ್ಣತಮ್ಮಂದಿರಲ್ಲಿ ಒಂದೇ ಚರ್ಚೆ. ಮಾಳಿಗೆ ತೆಗೆದು ಅದೇ ಗೋಡೆಗಳ ಮೇಲೆ ಸ್ಲ್ಯಾಬು ಹಾಕೋಣ ಎಂಬುದು ತಮ್ಮನ ವಿಚಾರ. ನಾವು ಜಪಾನಿನಿಂದ ಬಂದು ಬೇಡವೆಂದಾಗ ಅವನು ನಕ್ಕ.

"ಅಣ್ಣಾ, ಸಿಮೆಂಟು ಮಾರಾವ್ರು ನೀವು. ನೀವ ಸ್ಲ್ಯಾಬು ಬ್ಯಾಡಂದ್ರ ಹ್ಯಾಂಗ?"

"ಸಿಮೆಂಟು ಬ್ಯಾಡ ಅಂತ ಅಲ್ಲೋ ತಮ್ಮಾ. ಮಣ್ಣಿನ ಗ್ವಾಡಿ ಮ್ಯಾಲ ಸ್ಲ್ಯಾಬಿನ ಭಾರ ಬ್ಯಾಡ ಅಂತೀನಿ. ಮೊಮ್ಮಕ್ಕಳು ಅದರ ಬುಡಕ ಮಲಗ್ತಾವ."

ಲಾತೂರಿನಿಂದ ಒಬ್ಬ ಇಂಜಿನಿಯರರನ್ನು ಕರೆಸಿ ತೋರಿಸಿದೆವು. ಅವರ ಸಲಹೆಯಂತೆ ದೀಪಾವಳಿಯ ನಂತರ ಕೆಲಸ ಹಿಡಿದೆವು. ಮೊದಲು ಮಾಳಿಗೆಯ ಮಣ್ಣು ಇಳಿಸಿದೆವು. ಹನ್ನೊಂದು ಟ್ರ್ಯಾಕ್ಟರ್ ಟ್ರಾಲಿ! ಅಷ್ಟು ಭಾರದ ಕೆಳಗೆ ನಾಲ್ಕು ತಲೆಮಾರು ನಿದ್ದೆ ಮಾಡಿತ್ತು. ಹಲಗೆಯನ್ನು ಉಳಿಸಿ ಮೇಲೆ ಹಗುರವಾದ ಪತ್ರಾ ಇಳಿಜಾರಾಗಿ ಹಾಕಿಸಿದೆವು. ಕಂಬ ಮತ್ತು ತೊಲೆ ಕೂಡುವಲ್ಲೆಲ್ಲ ಓರೆಯಾಗಿ ಕಟ್ಟಿಗೆಯ ಆಸರೆ ಬಿಗಿಸಿದರು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರು ರಂಧ್ರ ತೆಗೆದು ಸರಳಿನ ಕೊಂಡಿ ಇಟ್ಟು ಕಾಂಕ್ರೀಟು ತುಂಬಿದರು. ಅದೇ ಕಟ್ಟುಗಲ್ಲಿನ ಕೆಲಸ ಮಾಡುತ್ತದೆ. ಬಾಗಿಲು ಕಿಟಕಿಗಳ ಮೇಲ್ಭಾಗದಲ್ಲಿ ಸುತ್ತಲೂ ತಂತಿಜಾಳಿಗೆ, ಸಿಮೆಂಟಿನ ಪಟ್ಟಿ ಕಟ್ಟಿದರು. ಹೊಸ ಮನೆ ಕಟ್ಟುವ ಖರ್ಚಿನಲ್ಲಿ ಕಾಲುಭಾಗವೂ ಆಗಲಿಲ್ಲ. ಬೇಸಿಗೆಯ ಕಾವು ಹೆಚ್ಚಾಯಿತೆಂದು ತಮ್ಮನ ಹೆಂಡತಿಯ ದೂರು ಇದೆ, ಅದು ನಿಜವೂ ಹೌದು.

ಓದುಗ ಬಂಧುಗಳಲ್ಲಿ ವಿನಂತಿ

ಜಪಾನಿಗೆ ಹೋಗುವುದು ಎಲ್ಲರಿಗೂ ಸಾಧ್ಯವಲ್ಲ, ಅಗತ್ಯವೂ ಇಲ್ಲ. ಆದರೆ ಉದಗೀರದಿಂದ ಉಮರಗಾದವರೆಗೆ ನಮ್ಮ ಎಷ್ಟೋ ಕುಟುಂಬಗಳಲ್ಲಿ ಒಂದು ಹಳೆಯ ಮೇಲ್ಮುದ್ದೆ ಮನೆ ಇದೆ, ಅದರಲ್ಲಿ ವಯಸ್ಸಾದ ತಾಯಿ ತಂದೆ ಅಥವಾ ಬಾಡಿಗೆಯ ಬಡವರು ಇದ್ದಾರೆ. ಈ ಬೇಸಿಗೆಯಲ್ಲಿ ಒಮ್ಮೆ ಮಾಳಿಗೆ ಹತ್ತಿ ಮಣ್ಣು ಎಷ್ಟು ದಪ್ಪವಿದೆ ನೋಡಿರಿ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಕಂಬದ ಬುಡಕ್ಕೆ ಗೆದ್ದಲು ಹತ್ತಿದೆಯೇ ಎಂದು ಪರೀಕ್ಷಿಸಿರಿ. ಹಳೆಯ ಗೋಡೆಯ ಮೇಲೆ ಸ್ಲ್ಯಾಬು ಹಾಕುವ ಮೊದಲು ಬಲ್ಲ ಇಂಜಿನಿಯರರನ್ನು ಕೇಳಿರಿ, ಗೌಂಡಿಯ ಮಾತೊಂದೇ ಸಾಲದು. ಹೊಸದಾಗಿ ಕಟ್ಟುವವರು ಕಿಟಕಿಯ ಮಟ್ಟದ ಕಾಂಕ್ರೀಟು ಪಟ್ಟಿಯಲ್ಲಿ ಹಣ ಉಳಿಸಲು ಹೋಗಬಾರದು. ಮುಂದಿನ ಬಾಗಿಲಿನ ಗ್ರಾನೈಟಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಇತ್ತ ತಿರುಗಿಸಿದರೂ ಸಾಕು.

ನಮ್ಮ ಅಂಗಡಿಗೆ ಸರಳು ಕೊಳ್ಳಲು ಬಂದವರಿಗೆ ನಾವು ಈಗ ಮೊದಲು ಕೇಳುವುದು, "ಬುಡಕ ಗ್ವಾಡಿ ಯಾವುದು?" ಎಂದು. ಕೆಲವರು ಬೇಸರಪಡುತ್ತಾರೆ. ಇಬ್ಬರು ಮೂವರು ಮಾತ್ರ ಮರಳಿ ಹೋಗಿ ಇಂಜಿನಿಯರರನ್ನು ಕರೆತಂದು ತೋರಿಸಿದ್ದಾರೆ. ಅಷ್ಟಾದರೂ ಆಯಿತು.