ತೋಳಿನಲ್ಲಿ ಅಡಗಿರುವ ತಿರುವು

2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್‌ ಮೇಲಿಂದ ಚಿಮ್ಮಿದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ಎರಡೂವರೆ ಸುತ್ತು ಮೈ ತಿರುಚಬೇಕಿತ್ತು. ಒಂದೂವರೆ ಸುತ್ತಿಗೇ ಇಳಿದುಬಿಟ್ಟರು. ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅರಿವೇ ತಪ್ಪಿಹೋಗಿತ್ತೆಂದು ಆಮೇಲೆ ಹೇಳಿಕೊಂಡರು. ವಾರದ ಬಳಿಕ ಬೀಮ್‌ಗೆ ಮರಳಿ, ತಿರುಚು ಇಲ್ಲದ ಎರಡು ಲಾಗ ಹಾಕಿ ಇಳಿದು ಕಂಚು ಗೆದ್ದರು. ಬಿಟ್ಟದ್ದು ತಿರುಚನ್ನು, ಲಾಗವನ್ನಲ್ಲ. ಏಕೆ?

ದೇಹದ ಚಲನೆಯನ್ನು ಮೂರು ಸಮತಲ, ಮೂರು ಅಕ್ಷಗಳಾಗಿ ವಿಂಗಡಿಸುವುದು ವಾಡಿಕೆ. ಲಾಗ ಹಾಕುವ ದೇಹ ಸೊಂಟದ ಎಡದಿಂದ ಬಲಕ್ಕೆ ಸಲಾಕೆ ತೂರಿಸಿದಂತೆ ಉರುಳುತ್ತದೆ. ತಿರುಚುವಾಗ ಅಕ್ಷ ನೆತ್ತಿಯಿಂದ ಪಾದಕ್ಕೆ. ಪಕ್ಕಕ್ಕೆ ಉರುಳುವಾಗ ಹೊಟ್ಟೆಯಿಂದ ಬೆನ್ನಿಗೆ. 2016ರ ರಿಯೊದಲ್ಲಿ ಅಗರ್ತಲಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಕೇವಲ 0.15 ಅಂಕದಿಂದ ಪದಕ ತಪ್ಪಿಸಿಕೊಂಡರಲ್ಲ, ಆಗ ಅವರು ಮಾಡಿದ, ಮುಂದಕ್ಕೆ ಎರಡು ಲಾಗ ಹಾಕುವ ಪ್ರೊಡುನೋವಾ ವಾಲ್ಟ್‌ನಲ್ಲಿರುವುದು ಮೊದಲನೆಯ ಅಕ್ಷ ಮಾತ್ರ. ಭಯಂಕರ ವಾಲ್ಟ್ ಅದು, ಆದರೆ ಲೆಕ್ಕ ಸರಳ.

ತಿರುಚಿನ ಲೆಕ್ಕವೇ ಬೇರೆ. ನೆಲ ಬಿಟ್ಟ ದೇಹಕ್ಕೆ ಒತ್ತಿ ತಿರುಗಲು ಆಧಾರವಿಲ್ಲ, ಅದರ ಕೋನೀಯ ಸಂವೇಗ ಬದಲಾಗುವಂತಿಲ್ಲ. 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮರೆ, ಬೆನ್ನು ಕೆಳಗಾಗಿ ಬೀಳಬಿಟ್ಟ ಬೆಕ್ಕು ನಡುದಾರಿಯಲ್ಲೇ ಹೊರಳಿ ಕಾಲೂರುವುದನ್ನು ಸರಣಿ ಚಿತ್ರಗಳಲ್ಲಿ ಸೆರೆಹಿಡಿದಾಗ ವಿಜ್ಞಾನಿಗಳೇ ತಬ್ಬಿಬ್ಬಾದರು. ಬೆಕ್ಕು ನಡು ಬಗ್ಗಿಸಿ ದೇಹದ ಮುಂಭಾಗ, ಹಿಂಭಾಗಗಳನ್ನು ಬೇರೆಬೇರೆಯಾಗಿ ತಿರುಗಿಸುತ್ತದೆ.

ಮನುಷ್ಯರ ಉಪಾಯ ಇನ್ನೂ ಸೊಗಸು. ಲಾಗದ ನಡುವೆ, ಚಾಚಿದ ಎರಡು ತೋಳುಗಳಲ್ಲಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಬೀಸಿದರೆ ಮುಂಡ ಹೊಟ್ಟೆ–ಬೆನ್ನಿನ ಅಕ್ಷದ ಸುತ್ತ ಎದುರು ದಿಕ್ಕಿಗೆ ತುಸು ವಾಲುತ್ತದೆ. ಅಷ್ಟೇ ಸಾಕು! ಲಾಗದ ಸಂವೇಗದಲ್ಲಿ ಒಂದು ಪಾಲು ಈಗ ನೆತ್ತಿ–ಪಾದದ ಅಕ್ಷಕ್ಕೆ ಸಲ್ಲುತ್ತದೆ. ನೆಟ್ಟಗೆ ನಿಂತ ದೇಹವನ್ನು ಆ ಅಕ್ಷದ ಸುತ್ತ ತಿರುಗಿಸಲು ಎದುರಾಗುವ ಜಡತ್ವ ಲಾಗದ್ದರ ಸುಮಾರು ಹತ್ತನೇ ಒಂದು ಪಾಲು. ಆದ್ದರಿಂದ ಕೆಲವೇ ಡಿಗ್ರಿ ವಾಲಿದರೂ ದೇಹ ರಭಸದಿಂದ ತಿರುಚಿಕೊಳ್ಳುತ್ತದೆ. ತೋಳುಗಳನ್ನು ಮೊದಲಿನ ಸ್ಥಾನಕ್ಕೆ ತಂದು ವಾಲು ಸರಿಪಡಿಸಿದರೆ ತಿರುಚು ನಿಲ್ಲುತ್ತದೆ. ನೆಲದಿಂದಲೇ ತಿರುಚನ್ನು ಹೊತ್ತು ಏಳುವುದೂ ಉಂಟು. ಆದರೆ ಆ ತಿರುಚು ನೆಲ ಮುಟ್ಟುವವರೆಗೂ ಬಿಡದು. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಫ್ರೆಡ್ ಯೀಡನ್ 1993ರ ಪ್ರಬಂಧಮಾಲೆಯಲ್ಲಿ ಇದನ್ನೆಲ್ಲ ಗಣಿತದಿಂದ ಬಿಡಿಸಿಟ್ಟರು.

ಹೀಗೆ ಒಂದೇ ನೆಗೆತದಲ್ಲಿ ಮೂರೂ ಅಕ್ಷಗಳು ಸೇರಿಕೊಂಡಿವೆ, ಕ್ಷಣಾರ್ಧದ ಒಂದು ತೋಳಬೀಸಿನ ಮೇಲೆ ಎಲ್ಲವೂ ನಿಂತಿದೆ. ಮೂರು ಸಮತಲಗಳನ್ನು ಮೂರು ಬಿಡಿ ಚಿತ್ರಗಳಾಗಿ ಬಾಯಿಪಾಠ ಮಾಡಿಸುವ ಪಠ್ಯಗಳಲ್ಲಿ ಈ ನಂಟೇ ಕಾಣೆಯಾಗುತ್ತದೆ. ಮುಂದಿನ ಸಲ ಡೈವಿಂಗ್ ಅಥವಾ ಜಿಮ್ನಾಸ್ಟಿಕ್ಸ್‌ನ ನಿಧಾನಗತಿಯ ಮರುಪ್ರಸಾರ ನೋಡುವಾಗ ಕಾಲುಗಳನ್ನು ಬಿಡಿ, ತೋಳುಗಳನ್ನು ಗಮನಿಸಿ.