ಕ್ಯಾಂಪಸ್ ಕೆಲಸ: ದಿನಸಿಗೆ ಸಾಕು, ಫೀಸಿಗೆ ಸಾಲದು

‘ಅಲ್ಲಿಗೆ ಹೋದ್ಮೇಲೆ ಪಾರ್ಟ್‌ಟೈಮ್ ಮಾಡ್ಕೊಂಡು ಫೀಸ್ ನಾನೇ ಕಟ್ಕೋತೀನಿ. ಅಪ್ಪ, ನೀವು ಮೊದಲ ಸೆಮಿಸ್ಟರ್‌ದು ಮಾತ್ರ ನೋಡ್ಕೊಳ್ಳಿ.’

ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೊರಟವರ ಮನೆಗಳಲ್ಲಿ ಈ ಮಾತು ಒಮ್ಮೆಯಾದರೂ ಬಂದಿರುತ್ತದೆ. ಬೆಂಗಳೂರಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ, ಒಂದಿಷ್ಟು ಉಳಿಸಿ, ಮಿಕ್ಕಿದ್ದಕ್ಕೆ ಮನೆ ಪತ್ರ ಬ್ಯಾಂಕಿಗೆ ಕೊಟ್ಟು ಹೊರಡುವವರೂ ಇದನ್ನೇ ನಂಬಿರ್ತಾರೆ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ, ಚೀನಾಕ್ಕಿಂತ ಹೆಚ್ಚು. ನೀವೂ ಆ ಸಾಲಿಗೆ ಸೇರೋ ಯೋಚನೆಯಲ್ಲಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿಬಿಡಿ.

ಎಫ್-1 ವೀಸಾದಲ್ಲಿರುವವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಗಂಟೆಗೆ 12 ಡಾಲರ್ ಅಂದ್ಕೊಳ್ಳಿ. ವಾರಕ್ಕೆ 240, ಹದಿನೈದು ವಾರದ ಸೆಮಿಸ್ಟರ್‌ಗೆ 3,600 ಡಾಲರ್. ಅದೂ ಪ್ರತಿ ವಾರ ಪೂರ್ತಿ 20 ಗಂಟೆ ಸಿಕ್ಕರೆ. ಶುರುವಿನಲ್ಲಿ ಎಂಟೋ ಹತ್ತೋ ಗಂಟೆ ಸಿಗೋದೇ ಹೆಚ್ಚು. ಇತ್ತ ಎಂ.ಎಸ್. ಫೀಸು ಸೆಮಿಸ್ಟರ್‌ಗೆ 10,000 ಡಾಲರ್ ದಾಟುವುದು ಮಾಮೂಲು. ದಿನಸಿ, ಫೋನ್ ಬಿಲ್, ಹಂಚಿಕೊಂಡ ರೂಮಿನ ಬಾಡಿಗೆಯಲ್ಲಿ ಒಂದು ಪಾಲು: ಈ ದುಡ್ಡಿನಲ್ಲಿ ಆಗೋದು ಇಷ್ಟೇ. ಊರಿಂದ ಊರಿಗೆ ಕೂಲಿ ಬೇರೆ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ 7.25 ಡಾಲರ್‌ನಲ್ಲೇ ನಿಂತಿದೆ, ಟೆಕ್ಸಾಸ್ ರಾಜ್ಯದ ಕನಿಷ್ಠವೂ ಅದೇ. ಕ್ಯಾಲಿಫೋರ್ನಿಯಾದಲ್ಲಿ 16 ಡಾಲರ್ ದಾಟಿದೆ. ಖುಷಿಪಡಬೇಡಿ, ಅಲ್ಲಿ ಬಾಡಿಗೆಯೂ ಹಾಗೇ ಇದೆ.

ಯಾವ ಕೆಲಸ, ಹೇಗೆ?

ಊಟದ ಹಾಲ್, ಲೈಬ್ರರಿ ಕೌಂಟರ್, ಜಿಮ್‌ನ ಫ್ರಂಟ್ ಡೆಸ್ಕ್, ಪುಸ್ತಕದಂಗಡಿ, ಐಟಿ ಹೆಲ್ಪ್ ಡೆಸ್ಕ್. ಇವುಗಳಲ್ಲಿ ಊಟದ ಹಾಲ್‌ನವರಿಗೆ ಯಾವಾಗಲೂ ಜನ ಬೇಕು, ಹಾಗಾಗಿ ಹೊಸಬರಿಗೆ ಮೊದಲು ತೆರೆಯುವ ಬಾಗಿಲು ಅದೇ. ಲೈಬ್ರರಿ ಕೆಲಸಕ್ಕೆ ನೂಕುನುಗ್ಗಲು, ಯಾಕಂದ್ರೆ ಕೂತು ಓದಿಕೊಳ್ಳಬಹುದು ಅನ್ನೋ ಆಸೆ. ಟೀಚಿಂಗ್ ಅಸಿಸ್ಟೆಂಟ್, ರಿಸರ್ಚ್ ಅಸಿಸ್ಟೆಂಟ್ ಹುದ್ದೆಗಳ ಕಥೆಯೇ ಬೇರೆ. ಅವುಗಳಲ್ಲಿ ಫೀಸ್ ಮನ್ನಾ ಆಗುವುದುಂಟು, ಆದರೆ ಹೆಚ್ಚಿನವು ಪಿಎಚ್‌.ಡಿ.ಯವರ ಪಾಲು. ಅದು ಸಿಗುತ್ತೆ ಅಂತ ನಂಬಿ ಸಾಲ ತೆಗೆಯಬೇಡಿ.

ತುಂಬಾ ವಿವಿಗಳು ಕ್ಯಾಂಪಸ್ ಕೆಲಸಗಳನ್ನು ಹ್ಯಾಂಡ್‌ಶೇಕ್ ಎಂಬ ಪೋರ್ಟಲ್‌ನಲ್ಲಿ ಹಾಕುತ್ತವೆ. ಅಲ್ಲಿ ‘ವರ್ಕ್-ಸ್ಟಡಿ’ ಅಂತ ಬರೆದಿದ್ದರೆ ಮುಂದೆ ಹೋಗಿ, ಆ ಸರ್ಕಾರಿ ನೆರವಿನ ಯೋಜನೆ ನಮ್ಮಂಥ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲ. ರೆಸ್ಯೂಮೆ ಒಂದೇ ಪುಟ ಇರಲಿ. ಸ್ಯಾಂಡ್‌ವಿಚ್ ಕೌಂಟರ್‌ನ ಮ್ಯಾನೇಜರ್‌ಗೆ ನಿಮ್ಮ ಜಾವಾ, ಪೈಥಾನ್ ಕಟ್ಟಿಕೊಂಡು ಏನಾಗಬೇಕು? ಯಾವ ದಿನ, ಎಷ್ಟು ಗಂಟೆಗೆ ಬರ್ತೀರಿ ಅನ್ನೋದೇ ಆ ಅರ್ಜಿಯ ಜೀವಾಳ. ಶನಿವಾರ ಬೆಳಿಗ್ಗೆ ಬರ್ತೀನಿ ಅಂದವರಿಗೆ ಮೊದಲು ಕರೆ ಬರುತ್ತೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಗ್ರಿಲ್‌ನಲ್ಲಿ ಹಾಕಿದರೆ ದನದ ಮಾಂಸ, ಹಂದಿ ಮಾಂಸ ಮುಟ್ಟಲೇಬೇಕಾಗುತ್ತದೆ. ಕೆಲಸಕ್ಕೆ ಸೇರುವಾಗಲೇ ಹೇಳಿ, ಕ್ಯಾಷ್ ಕೌಂಟರ್, ಬೇಕರಿ ಅಥವಾ ಪಾತ್ರೆ ತೊಳೆಯುವ ಕಡೆ ಕೇಳಿಕೊಳ್ಳಿ. ಹೇಳಿದರೆ ಅಲ್ಲಿ ಯಾರೂ ತಪ್ಪು ತಿಳಿಯಲ್ಲ.

ಪಾತ್ರೆ ಅಂದಕೂಡಲೇ ಇಲ್ಲಿ ಕೆಲವರ ಮುಖ ಗಂಟಾಗುತ್ತೆ. ‘ಇಂಜಿನಿಯರಿಂಗ್ ಓದಿ ಅಲ್ಲಿ ಹೋಗಿ ಎಂಜಲು ತಟ್ಟೆ ಎತ್ತೋದಾ?’ ಅಂತ ಚಿಕ್ಕಪ್ಪಂದಿರು ಕೇಳ್ತಾರೆ ಅಂತ ಮನೆಯಲ್ಲಿ ‘ಲೈಬ್ರರಿ ಕೆಲಸ’ ಅಂತ ಹೇಳುವ ಹುಡುಗರಿದ್ದಾರೆ. ಪಕ್ಕದಲ್ಲಿ ತಟ್ಟೆ ತೊಳೆಯುವ ಅಮೆರಿಕದ ಹುಡುಗಿಗೆ ಆ ಸಂಕೋಚವೇ ಇರಲ್ಲ, ಅವಳ ಅಪ್ಪ ಲಾಯರ್ ಆಗಿದ್ದರೂ. ನನ್ನನ್ನು ಕೇಳಿದರೆ, ಊರಿನಲ್ಲಿ ಸ್ವಂತ ತಟ್ಟೆಯನ್ನೂ ಎತ್ತದೆ ಬೆಳೆದ ಗಂಡುಮಕ್ಕಳಿಗೆ ಈ ಆರು ತಿಂಗಳು ಎಂ.ಎಸ್. ಪದವಿಯಷ್ಟೇ ಮುಖ್ಯ.

ಕೆಲಸ ಸಿಕ್ಕಿದ ಮೇಲೆ ಬರುವುದು ಸೋಷಿಯಲ್ ಸೆಕ್ಯುರಿಟಿ ನಂಬರ್. ಎಫ್-1ನವರಿಗೆ ಕೆಲಸದ ಪತ್ರ ಇಲ್ಲದೆ ಅದನ್ನು ಕೊಡುವುದಿಲ್ಲ. ಕೆಲಸ ಕೊಟ್ಟವರದೊಂದು ಪತ್ರ, ವಿವಿಯ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೂರುವ ಡಿಎಸ್‌ಒ ಅವರದೊಂದು ಪತ್ರ, ಪಾಸ್‌ಪೋರ್ಟ್, ಐ-20 ಹಿಡಿದು ಹೋಗಬೇಕು. ತೆರಿಗೆ ವಿಷಯದಲ್ಲಿ ನಮಗೊಂದು ಅನುಕೂಲ ಇದೆ, ಅದು ಗೊತ್ತಿಲ್ಲದೆ ದುಡ್ಡು ಬಿಟ್ಟುಕೊಡುವವರು ಬಹಳ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳು ಅಲ್ಲಿನ ನಿವಾಸಿಗಳಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. 2024ರ ಆದಾಯಕ್ಕೆ ಅದು 14,600 ಡಾಲರ್ ಇತ್ತು. ಅಂದರೆ ಕ್ಯಾಂಪಸ್ ಸಂಬಳದ ಮೇಲೆ ಒಕ್ಕೂಟ ಸರ್ಕಾರದ ಆದಾಯ ತೆರಿಗೆ ಬಹುತೇಕ ಸೊನ್ನೆ. ತುಂಬಬೇಕಾದ್ದು 1040-ಎನ್‌ಆರ್ ಫಾರ್ಮ್, ಜೊತೆಗೆ 8843.

ಕೈಗೆ ಕ್ಯಾಷ್ ಕೊಡ್ತೀವಿ ಅಂದ್ರೆ

ನಿಜವಾದ ಅಪಾಯ ಇರೋದು ಇಲ್ಲಿ. ಮೂರನೇ ಸೆಮಿಸ್ಟರ್ ಫೀಸಿಗೆ ದುಡ್ಡು ಸಾಲದಾಗುತ್ತೆ. ಹತ್ತಿರದ ಪೆಟ್ರೋಲ್ ಬಂಕ್‌ನವರೋ, ಇಂಡಿಯನ್ ಹೋಟೆಲ್‌ನವರೋ ‘ರಾತ್ರಿ ಬಾ, ಕ್ಯಾಷ್ ಕೊಡ್ತೀನಿ’ ಅಂತಾರೆ. ರೂಮ್‌ಮೇಟ್ ತನ್ನ ಪರಿಚಯದವರ ಹೆಸರಿನ ಡೆಲಿವರಿ ಆ್ಯಪ್ ತೋರಿಸ್ತಾನೆ. ‘ಎಲ್ಲರೂ ಮಾಡ್ತಾರೆ’ ಅನ್ನೋ ಮಾತು ಜೊತೆಗೆ ಬರುತ್ತೆ. ಅನುಮತಿ ಇಲ್ಲದ ದುಡಿಮೆ ಸಿಕ್ಕಿಬಿದ್ದರೆ ಎಫ್-1 ಸ್ಥಾನಮಾನವೇ ಹೋಗುತ್ತದೆ. ಕೋರ್ಸ್ ಕಡಿಮೆ ತೆಗೆದುಕೊಂಡಂಥ ತಪ್ಪುಗಳಿಗೆ ಸ್ಥಾನಮಾನ ಮರಳಿ ಕೇಳುವ ದಾರಿಯಾದರೂ ಇದೆ. ಅನಧಿಕೃತವಾಗಿ ದುಡಿದವರಿಗೆ ಆ ದಾರಿಯೂ ಇಲ್ಲ. ಹೋಗಲಿ ಅಂತ ವಾಪಸ್ ಬಂದರೆ ಪದವಿ ಇಲ್ಲ, ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ಇರುತ್ತೆ. ಹೋಟೆಲ್‌ನವರು ದುಡ್ಡು ಕೊಡದೆ ಸತಾಯಿಸಿದರೂ, ಇಷ್ಟೆಲ್ಲ ಭಯ ಇಟ್ಟುಕೊಂಡು ದೂರು ಕೊಡೋಕೆ ಯಾರು ಹೋಗ್ತಾರೆ?

ಕ್ಯಾಂಪಸ್ ಒಳಗೂ 20 ಅಂದರೆ 20. ಎರಡು ಕೆಲಸ ಇದ್ದರೆ ಎರಡೂ ಸೇರಿ 20. ಈ ವಾರ 22, ಮುಂದಿನ ವಾರ 18 ಅನ್ನೋ ಸರಿದೂಗಿಸುವ ಆಟ ನಡೆಯಲ್ಲ. ‘ಒಂದು ಶಿಫ್ಟ್ ಎಕ್ಸ್‌ಟ್ರಾ ಮಾಡ್ತೀಯಾ?’ ಅಂತ ಮ್ಯಾನೇಜರ್ ಕೇಳಿದರೆ ನಿಮ್ಮ ಗಂಟೆ ಎಣಿಸಿಕೊಳ್ಳಬೇಕಾದವರು ನೀವೇ. ರಜೆಯಲ್ಲಿ ಪೂರ್ತಿ ಸಮಯ ದುಡಿಯಬಹುದು.

ಮನೆಯಲ್ಲಿ ನಿಜಕ್ಕೂ ಕಷ್ಟ ಬಂದರೆ, ಅಪ್ಪನ ಕೆಲಸ ಹೋದರೆ, ರೂಪಾಯಿ ತೀರಾ ಕುಸಿದರೆ, ಆಸ್ಪತ್ರೆ ಬಿಲ್ ಬಂದರೆ, ಕಾನೂನಿನಲ್ಲೇ ಒಂದು ಕಿಂಡಿ ಇದೆ. ಒಂದು ಶೈಕ್ಷಣಿಕ ವರ್ಷ ಓದಿದ ಮೇಲೆ, ‘ತೀವ್ರ ಆರ್ಥಿಕ ಸಂಕಷ್ಟ’ದ ಆಧಾರದಲ್ಲಿ ಕ್ಯಾಂಪಸ್ ಹೊರಗೆ ದುಡಿಯಲು ವಲಸೆ ಇಲಾಖೆಯ ಅನುಮತಿ ಕೇಳಬಹುದು. ಫಾರ್ಮ್ ಐ-765. ಅದಕ್ಕೆ ಮೊದಲು ಡಿಎಸ್‌ಒ ಶಿಫಾರಸು ಬೇಕು, ಕೈಗೆ ಕಾರ್ಡ್ ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ. ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಾಗಾಗಿ ಫೀಸಿನ ಕೊನೇ ದಿನದ ಹಿಂದಿನ ರಾತ್ರಿವರೆಗೂ ಬಿಡದೆ, ಕಷ್ಟದ ಸುಳಿವು ಸಿಕ್ಕ ವಾರವೇ ಆ ಕಚೇರಿಯ ಬಾಗಿಲು ತಟ್ಟಿ.